ಸೈಟು ಮಾರೋಕೆ ಎಂಬಿಎ ಬೇಕಾ?

ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಯುವವರು ಬ್ಯಾಂಕಿನ ಸಾಲ ವಿಭಾಗದಲ್ಲಿ 31 ವರ್ಷ ದುಡಿದು, ಈಗ ಹಾಸನದಲ್ಲಿ ನೆಲೆಸಿರುವ ನಮ್ಮ ಅಂಕಣಗಾರ್ತಿ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಆಲೂರು ತಾಲ್ಲೂಕಿನವಳು. ಹಾಸನದಲ್ಲಿ ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಇಲ್ಲೇ ಒಬ್ಬರು ಆಡಿಟರ್ ಹತ್ತಿರ ಕೆಲಸಕ್ಕಿದ್ದೀನಿ. ಅಪ್ಪ ಜಮೀನು, ಸೈಟಿನ ವ್ಯಾಪಾರ ಕುದುರಿಸಿಕೊಡ್ತಾರೆ. ಆ ಕಮಿಷನ್ ದುಡ್ಡಿನಲ್ಲೇ ನಾನೂ ತಮ್ಮನೂ ಓದಿದ್ದು. ರಿಯಲ್ ಎಸ್ಟೇಟಿನ ಹಣಕಾಸು, ಕಾನೂನು, ಅಭಿವೃದ್ಧಿ ಮೂರನ್ನೂ ಒಟ್ಟಿಗೆ ಕಲಿಸುವ ಎಂಬಿಎ ಇದೆ ಅಂತ ಗೊತ್ತಾದ ಮೇಲೆ ಅದನ್ನೇ ಓದಬೇಕು ಅನ್ನಿಸಿದೆ. ಅಪ್ಪ ಮಾತ್ರ, "ಸೈಟು ಮಾರೋಕೆ ಎಂಬಿಎ ಬೇಕಾ? ಎರಡು ವರ್ಷ ನನ್ ಜೊತೆ ಓಡಾಡು, ಎಲ್ಲಾ ಗೊತ್ತಾಗುತ್ತೆ" ಅಂತಾರೆ. ಯಾರ ಮಾತು ಸರಿ?
— ಓದುಗಿ, ಆಲೂರು

ಉತ್ತರ: ನಿಮ್ಮಪ್ಪ ಹೇಳಿದ್ದು ಅರ್ಧ ಸರಿ ಕಣಮ್ಮ. ಸೈಟು ಮಾರೋಕೆ ಎಂಬಿಎ ಬೇಡ. ಅದಕ್ಕೆ ಬೇಕಾದ ಜನಬಳಕೆ, ಮಾತಿನ ಹದ, ಯಾವ ಊರಲ್ಲಿ ಯಾರಿಗೆ ದುಡ್ಡಿನ ತುರ್ತು ಇದೆ ಅನ್ನೋ ಸುಳಿವು, ಇವನ್ನು ಯಾವ ಕಾಲೇಜೂ ಕಲಿಸಲ್ಲ, ನಿಮ್ಮಪ್ಪ ಕಲಿಸಬಲ್ಲರು. ನೀನು ಓದಬೇಕು ಅಂತಿರೋ ವಿಷಯ ಬೇರೆ. ಒಂದು ತುಂಡು ನೆಲ ಏನಾಗಬಹುದು, ಏನಾಗಕೂಡದು, ಅದು ಆಗುವಷ್ಟರಲ್ಲಿ ಯಾರ ದುಡ್ಡು ಎಷ್ಟು ದಿನ ಅದರೊಳಗೆ ಸಿಕ್ಕಿಕೊಂಡಿರುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಹೇಳೋದು ಆ ಓದು. ಹಾಗೆ ಹೇಳಬಲ್ಲವರು ನಮ್ಮ ಹಾಸನ, ಚಿಕ್ಕಮಗಳೂರು ಕಡೆ ತೀರಾ ಕಡಿಮೆ. ಹೇಳುವವರಿಲ್ಲದೆ ಮುಳುಗಿದ ಮನೆಗಳನ್ನು ನಾನು ಕಂಡಿದ್ದೀನಿ. ಅದಕ್ಕೇ ನಿನ್ನ ಕಾಗದ ಓದಿ ನನಗೆ ನಿಜವಾಗಿ ಸಂತೋಷ ಆಯ್ತು.

ನೀನು ಲೆಕ್ಕದ ಹುಡುಗಿ, ಒಂದು ಲೆಕ್ಕದಿಂದಲೇ ಶುರು ಮಾಡೋಣ. ಅಂಕಿಗಳೆಲ್ಲ ಉದಾಹರಣೆಗೆ ಹಿಡಿದವು. ಹಾಸನದ ಹೊರಗೆ 2 ಎಕರೆ ಜಮೀನು, ಎಕರೆಗೆ 1 ಕೋಟಿ ಅಂದುಕೋ. 80 ಗುಂಟೆ ಅಂದರೆ 87,120 ಚದರಡಿ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ ಕಳೆದು ನೂರಕ್ಕೆ 55 ಭಾಗ ಮಾರೋಕೆ ಉಳಿಯಿತು ಅಂತಿಟ್ಟುಕೊಂಡರೆ 30×40ರ 39 ಸೈಟು. ತಲಾ 12 ಲಕ್ಷಕ್ಕೆ ಹೋದರೆ 4 ಕೋಟಿ 68 ಲಕ್ಷ. ರಸ್ತೆ, ಚರಂಡಿ, ನೀರು, ಕರೆಂಟಿನ ಕೆಲಸಕ್ಕೆ 80 ಲಕ್ಷ ಖರ್ಚು. ನಿಮ್ಮಪ್ಪನ ಜೊತೆ ಓಡಾಡುವ ಯಾರನ್ನು ಕೇಳಿದರೂ "ಒಂದು ಕೋಟಿ ಎಂಬತ್ತೆಂಟು ಲಕ್ಷ ಲಾಭ" ಅಂತ ಬೆರಳು ಮಡಿಸಿ ಹೇಳ್ತಾರೆ.

ಈಗ ಬಡ್ಡಿ ಸೇರಿಸು. ಎಲ್ಲಾ ದುಡ್ಡೂ ವರ್ಷಕ್ಕೆ ನೂರಕ್ಕೆ 14ರ ಚಕ್ರಬಡ್ಡಿಯದು, ಲೆಕ್ಕ ಸುಲಭ ಆಗಲಿ ಅಂತ ಸೈಟೆಲ್ಲ ಕೊನೇ ದಿನ ಒಟ್ಟಿಗೆ ಮಾರಿದ್ದು ಅಂತ ಇಟ್ಟುಕೋ. ಕೆಲಸ ಮೂರು ವರ್ಷಕ್ಕೆ ಮುಗಿದರೆ ಜಮೀನಿನ 2 ಕೋಟಿ ಬೆಳೆದು 2 ಕೋಟಿ 96 ಲಕ್ಷ ಆಗಿರುತ್ತೆ. ಕೊನೆಗೆ ಒಂದು ವರ್ಷ ಮೊದಲು ಹಾಕಿದ 80 ಲಕ್ಷ 91 ಲಕ್ಷ ಆಗಿರುತ್ತೆ. ಕಳೆದು ನೋಡು, ಕೈಯಲ್ಲಿ ಉಳಿಯೋದು 80 ಲಕ್ಷದ ಆಸುಪಾಸು. ಆ 80 ಲಕ್ಷವೂ ಹಾಕಿದ ಮೇಲೆ ಅದೇ ಕೆಲಸ ಎರಡು ವರ್ಷ ತಡವಾಯಿತು ಅಂತಿಟ್ಟುಕೋ. ಜಮೀನಿನ ದುಡ್ಡು 3 ಕೋಟಿ 85 ಲಕ್ಷ, ಕೆಲಸದ ದುಡ್ಡು 1 ಕೋಟಿ 18 ಲಕ್ಷ, ಒಟ್ಟು 5 ಕೋಟಿ ದಾಟಿತು. ಸೈಟು ಮಾರಿ ಬಂದದ್ದು ಅದೇ 4 ಕೋಟಿ 68 ಲಕ್ಷ. ಒಂದು ರೂಪಾಯಿ ಮೋಸ ಇಲ್ಲ, ಒಂದು ಸೈಟಿಗೂ ಬೆಲೆ ಬಿದ್ದಿಲ್ಲ, ಆದರೂ 35 ಲಕ್ಷ ಹೋಯ್ತು. ನೀನು ಓದುವ ಹಣಕಾಸು ಅಂದರೆ ಇದೇ. ಅಲ್ಲಿ ಇದಕ್ಕೆ ನಿವ್ವಳ ಪ್ರಸ್ತುತ ಮೌಲ್ಯ, ಐಆರ್‌ಆರ್ ಅಂತೆಲ್ಲ ಹೆಸರಿಟ್ಟು, ತಿಂಗಳು ತಿಂಗಳ ಹಣದ ಹರಿವನ್ನು ಎಕ್ಸೆಲ್ ಹಾಳೆಯಲ್ಲಿ ಹಾಕಿ ಕಲಿಸ್ತಾರೆ. ಬ್ಯಾಂಕುಗಳು ಖಾಸಗಿ ಬಿಲ್ಡರಿಗೆ ಬರೀ ಜಮೀನು ಕೊಳ್ಳೋಕೆ ಸಾಲ ಕೊಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇರೋದರಿಂದ, ಆ ಮೊದಲ 2 ಕೋಟಿ ಯಾವಾಗಲೂ ದುಬಾರಿ ದುಡ್ಡೇ. ಹಾಗಾಗಿ ಈ ವ್ಯವಹಾರದಲ್ಲಿ ದಿನಕ್ಕೂ ಬೆಲೆ ಇದೆ.

ಆ ಎರಡು ವರ್ಷ ಎಲ್ಲಿ ಹೋಗುತ್ತೆ? ಕಾಗದದಲ್ಲಿ. ಪಹಣಿಯಲ್ಲಿ 2 ಎಕರೆ ಇದ್ದು, ಅಳತೆಗೆ ನಿಂತಾಗ ಹಳ್ಳದ ಪಾಲು ಬ ಖರಾಬು, ಅಂದರೆ ಸಾರ್ವಜನಿಕರಿಗೆ ಸೇರಿದ, ಸಾಗುವಳಿಗೆ ಬಾರದ ಜಾಗ ಅಂತ ಬಿಟ್ಟು 1 ಎಕರೆ 34 ಗುಂಟೆ ಸಿಗುತ್ತೆ. ಅಣ್ಣತಮ್ಮಂದಿರು ಬಾಯಿ ಮಾತಿನಲ್ಲಿ ಭಾಗ ಮಾಡಿಕೊಂಡಿರ್ತಾರೆ, ಪೋಡಿ, ಅಂದರೆ ಪ್ರತಿ ಪಾಲನ್ನೂ ಅಳೆದು ಬೇರೆ ನಂಬರ್ ಕೊಡೋ ಸರ್ವೆ, ಆಗಿರಲ್ಲ. ಮದುವೆಯಾಗಿ ಅರಸೀಕೆರೆಗೆ ಹೋದ ಅಕ್ಕನ ಸಹಿ ಇರಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿದೆ, ಆ ತಿದ್ದುಪಡಿ ಬರುವ ಹೊತ್ತಿಗೆ ತಂದೆ ಬದುಕಿರಬೇಕಾಗಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದದ್ದಾದರೆ 1978ರ ಪಿಟಿಸಿಎಲ್ ಕಾಯ್ದೆ ಬಂದು ನಿಲ್ಲುತ್ತೆ. ಅನುಮತಿ ಇಲ್ಲದ ಮಾರಾಟ ನಿಲ್ಲಲ್ಲ, ನೆಲ ವಾಪಸು ಕೇಳೋಕೆ ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳುತ್ತೆ. ಮಂಜೂರಾದವರ ಮೊಮ್ಮಕ್ಕಳಿಗೆ ಆ ನೆಲ ವಾಪಸು ಸಿಕ್ಕಿದ್ದನ್ನು ನೋಡಿದ್ದೀನಿ, ಅದು ನ್ಯಾಯವೇ. ಗೊತ್ತಿಲ್ಲದೆ ಅಲ್ಲಿ ಸೈಟು ಕೊಂಡವರ ಗೋಳನ್ನೂ ನೋಡಿದ್ದೀನಿ. ಕಾನೂನು ಒಂದು ಪಾಠ, ಹಣಕಾಸು ಇನ್ನೊಂದು ಪಾಠ ಅಂತ ಕಾಲೇಜಿನ ಪಟ್ಟಿಯಲ್ಲಿ ಬೇರೆ ಬೇರೆ ಬರೆದಿರ್ತಾರೆ. ಸಿಗದೆ ಹೋದ ಅಕ್ಕನ ಆ ಒಂದು ಸಹಿಯೇ ನಾವು ಆಗ ಲೆಕ್ಕ ಹಾಕಿದ ಎರಡು ವರ್ಷದ ಬಡ್ಡಿ ಅಂತ ನೀನು ಮನಸ್ಸಿನಲ್ಲಿಟ್ಟುಕೋ.

ನನ್ನ ಸರ್ವೀಸಿನ ಒಂದು ಕಡತದ ಬಗ್ಗೆ ಹೇಳ್ತೀನಿ. ಚಿಕ್ಕಮಗಳೂರಿನಲ್ಲಿ ಕೆಲಸಕ್ಕಿದ್ದಾಗ ಒಬ್ಬರು ಮೂಡಿಗೆರೆ ಕಡೆ 22 ಕೋಣೆಯ ರೆಸಾರ್ಟಿಗೆ ಸಾಲ ಕೇಳಿಕೊಂಡು ಬಂದರು. ಚಂದದ ಯೋಜನಾ ವರದಿ, ಬಣ್ಣದ ಚಿತ್ರ. ವರ್ಷಪೂರ್ತಿ ನೂರಕ್ಕೆ 70ರಷ್ಟು ಕೋಣೆ ತುಂಬಿರುತ್ತೆ ಅಂತ ಬರೆದಿತ್ತು. ಆಷಾಢದ ಮಳೆ ಹಿಡಿದು ಹೊಡೆಯೋ ಮಂಗಳವಾರ ಅಲ್ಲಿಗೆ ಯಾರು ಬರ್ತಾರೆ ಅಂತ ನಾನು ಕೇಳಿದೆ. ಉತ್ತರ ಬರಲಿಲ್ಲ, ಆದರೂ ಮೇಲಿನವರಿಗೆ ವರದಿ ಒಪ್ಪಿಗೆಯಾಯಿತು. ಕಟ್ಟಡ ಅರ್ಧ ಎದ್ದ ಮೇಲೆ ತಿಳಿಯಿತು, ತೋಟದ ಬಾಗಿಲಿಗೆ ಹೋಗುವ ದಾರಿ ದಾಟುವ ಹಳ್ಳ ಅವರದ್ದಲ್ಲ, ಸರ್ಕಾರಿ ಖರಾಬು ಅಂತ. ದಾರಿ ಇಲ್ಲದ ಕಟ್ಟಡಕ್ಕೆ ಯಾವ ಪರವಾನಗಿ ಸಿಗುತ್ತೆ? ಆ ಮನುಷ್ಯ ತಾಯಿ ಹೆಸರಿನಲ್ಲಿದ್ದ ಹಳೇ ತೋಟ ಮಾರಿ ಬಡ್ಡಿ ಕಟ್ಟಿದರು. ಗ್ರಾಮ ನಕ್ಷೆ ತೆಗೆದು ಹತ್ತು ನಿಮಿಷ ನೋಡಿದ್ದರೆ ಗೊತ್ತಾಗೋ ಸಂಗತಿ ಅದು. ಆ ಕಡತದಲ್ಲಿ ನನ್ನ ಸಹಿಯೂ ಇದೆ. ಆ ತಾಯಿ ಬ್ಯಾಂಕಿಗೆ ಬಂದು ನನ್ನ ಮುಂದೆ ಸುಮ್ಮನೆ ಕೂತಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಆಮೇಲೆ ನಾನು ನೆಲದ ಕಾನೂನನ್ನು ರಾತ್ರಿ ಕೂತು ಓದಲು ಶುರು ಮಾಡಿದೆ.

ಇನ್ನು ಮೂರನೆಯದು, ಅಭಿವೃದ್ಧಿ. ನಮ್ಮ ಕಡೆ ಆ ಮಾತಿಗೆ ಜೆಸಿಬಿ ತಂದು ಗುಡ್ಡ ಸಮ ಮಾಡೋದು ಅನ್ನೋ ಅರ್ಥ ಬಂದುಬಿಟ್ಟಿದೆ. ಈ ಓದನ್ನು ಕಟ್ಟಿದವರಿಗೆ ಆ ಅರ್ಥ ಇರಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಎಲಿ ಅನ್ನೋ ಅರ್ಥಶಾಸ್ತ್ರಜ್ಞರು 1920ರಲ್ಲೇ ಭೂಮಿಯ ಅರ್ಥಶಾಸ್ತ್ರಕ್ಕೆ ಅಂತ ಒಂದು ಸಂಶೋಧನಾ ಸಂಸ್ಥೆ ಕಟ್ಟಿದ್ದರು. ಮುಂದೆ ಅಲ್ಲೇ ಪಾಠ ಮಾಡಿದವರು ಜೇಮ್ಸ್ ಗ್ರಾಸ್ಕ್ಯಾಂಪ್. ಹದಿಹರೆಯದಲ್ಲಿ ಪೋಲಿಯೊ ಬಡಿದು ಕೈಕಾಲು ಸ್ವಾಧೀನ ತಪ್ಪಿತ್ತು; ಗಾಲಿಕುರ್ಚಿಯಲ್ಲಿ ಕೂತೇ 1988ರಲ್ಲಿ ತೀರಿಕೊಳ್ಳುವವರೆಗೂ ಒಂದು ತಲೆಮಾರಿಗೆ ಈ ವಿದ್ಯೆ ಕಲಿಸಿದರು. ಯಾವುದೇ ಯೋಜನೆಯಲ್ಲಿ ಮೂರು ಪಂಗಡ ಇರುತ್ತೆ: ಜಾಗ ಬಳಸುವವರು, ಜಾಗ ಕಟ್ಟಿಕೊಡುವವರು, ರಸ್ತೆ, ನೀರು, ಚರಂಡಿ ಒದಗಿಸುವ ಊರು. ಮೂವರ ಜೇಬೂ ತಡೆದುಕೊಂಡರೆ ಮಾತ್ರ ಯೋಜನೆ ನಿಲ್ಲುತ್ತೆ ಅಂತ ಅವರು ಹೇಳಿಕೊಟ್ಟರು. ಸಾಲಗಾಮೆ ರಸ್ತೆ ಕಡೆಯೋ ಬಿ.ಎಂ. ರಸ್ತೆ ಕಡೆಯೋ ಹೊಸ ಬಡಾವಣೆ ಕಂಡಾಗಲೆಲ್ಲ ನಾನು ಇದನ್ನೇ ಕೇಳಿಕೊಳ್ತೀನಿ. ಕೊಂಡವನು ಕಂತು ಕಟ್ಟಬಲ್ಲನೇ, ಮಾಡಿದವನು ಬಡ್ಡಿ ತಾಳಬಲ್ಲನೇ, ಇಷ್ಟು ಮನೆಗೆ ನೀರು ಕೊಡೋಕೆ ಊರಿಗೆ ಆಗುತ್ತಾ? ಮೂರನೇ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಲ್ಲ, ನೀನು ಕೇಳಬೇಕು.

ಎಲ್ಲಿ ಓದೋದು? ಪುಣೆಯ ನಿಕ್ಮಾರ್, ನೊಯ್ಡಾದಲ್ಲಿ ಅಮಿಟಿ ವಿಶ್ವವಿದ್ಯಾಲಯದ ಆರ್‌ಐಸಿಎಸ್ ಸ್ಕೂಲ್ ಈ ವಿಷಯಕ್ಕೆ ಹೆಸರಾದವು. ಅಷ್ಟು ದೂರ ಬೇಡ ಅಂದರೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಕರ್ನಾಟಕದಲ್ಲೇ ಒಳ್ಳೆ ಕಾಲೇಜಿನಲ್ಲಿ ಹಣಕಾಸಿನ ಎಂಬಿಎ ಮಾಡಿ, ಪ್ರಾಜೆಕ್ಟಿಗೆ ಭೂಮಿಯ ವಿಷಯ ತಗೊಳ್ಳಬಹುದು, ನಿನ್ನಂಥ ಬಿ.ಕಾಂ.ನವರಿಗೆ ಅದೇನೂ ಕಡಿಮೆ ದಾರಿ ಅಲ್ಲ. ಎಲ್ಲೇ ಆಗಲಿ, ಶುಲ್ಕ ಕಟ್ಟೋ ಮೊದಲು ಹಳೇ ವಿದ್ಯಾರ್ಥಿಯೊಬ್ಬರನ್ನು ಹುಡುಕಿ ಎರಡು ಮಾತು ಕೇಳು: ಕಾನೂನು ಪಾಠ ಮಾಡೋರು ಜಮೀನಿನ ಕೇಸು ನಡೆಸಿದವರಾ? ನಿಜವಾದ ಒಂದು ಸರ್ವೆ ನಂಬರ್ ಕೊಟ್ಟು ಅದರ ಮೇಲೆ ಯೋಜನೆ ಬರೆಸ್ತಾರಾ? ಎರಡಕ್ಕೂ ಇಲ್ಲ ಅಂದರೆ ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೆ ಹೋಗಬೇಡ. ಇನ್ನೊಂದು ವಿಷಯ, ಬ್ಯಾಂಕುಗಳಿಗೆ ಆಸ್ತಿ ಮೌಲ್ಯ ಕಟ್ಟುವ ವ್ಯಾಲ್ಯೂಯರ್ ಕೆಲಸ ಮುಖ್ಯವಾಗಿ ಸಿವಿಲ್, ಆರ್ಕಿಟೆಕ್ಚರ್, ಟೌನ್ ಪ್ಲಾನಿಂಗ್ ಓದಿದವರದ್ದು. ಅದರ ಆಸೆ ತೋರಿಸಿ ಯಾರಾದರೂ ಸೀಟು ಮಾರಲು ಬಂದರೆ ನಂಬಬೇಡ. ನಿನಗೆ ತೆರೆದಿರೋದು ಯೋಜನೆಯ ಹಣಕಾಸು, ಸಾಲ ಪರಿಶೀಲನೆ, ಬಿಲ್ಡರ್ ಕಂಪನಿಗಳ ಲೆಕ್ಕ, ಬಡಾವಣೆ, ಕಟ್ಟಡ ಯೋಜನೆಗಳ ಮೇಲೆ ಕಣ್ಣಿಡುವ ರೇರಾ ಕಾಯ್ದೆಯ ಸಂಬಂಧದ ಕೆಲಸ.

ಈಗ ನಿಮ್ಮಪ್ಪನ ಪಾಲಿನ ಅರ್ಧ ಸತ್ಯಕ್ಕೆ ಬರ್ತೀನಿ. ಪ್ರವೇಶಕ್ಕೆ ಇನ್ನೂ ಸಮಯ ಇದ್ದರೆ ಒಂದು ವರ್ಷ ಭಾನುವಾರ, ರಜಾದಿನ ಅವರ ಜೊತೆ ಓಡಾಡು, ಆದರೆ ನೋಟ್‌ಬುಕ್ ಹಿಡಿದು. ಅವರು ಮಾಡಿಸಿದ ಪ್ರತಿ ವ್ಯಾಪಾರಕ್ಕೂ ಪಹಣಿ ತೆಗೆದು ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಯಾವ ಸಾಲ ಇದೆ ಓದು. ಹೆಸರು ಬದಲಾದ ದಾಖಲೆ ಮ್ಯುಟೇಷನ್, ಅಳತೆಯ ದಾಖಲೆಗಳಾದ ಆಕಾರ್‌ಬಂದ್, ಟಿಪ್ಪಣಿ, ಋಣಭಾರ ಪತ್ರ ಜೋಡಿಸಿ ಮೂವತ್ತು ವರ್ಷ ಹಿಂದಕ್ಕೆ ಹೋಗು. ಭೂ ಪರಿವರ್ತನೆ ಆದೇಶದಲ್ಲಿ ವಾಸಕ್ಕೆ ಅಂತಿದೆಯಾ, ಬೇರೆ ಉದ್ದೇಶಕ್ಕಾ ನೋಡು. ಅರ್ಜಿ ಕೊಟ್ಟ ದಿನ, ಆದೇಶ ಬಂದ ದಿನ ಬರೆದಿಟ್ಟುಕೋ. ಆ ಅಂತರವೇ ನಿನ್ನ ಎಕ್ಸೆಲ್ ಹಾಳೆಗೆ ಬೇಕಾದ ಅಂಕಿ, ಅದು ಯಾವ ಪುಸ್ತಕದಲ್ಲೂ ಸಿಗಲ್ಲ. ಅಂಥ ಇಪ್ಪತ್ತು ಕಡತ ಓದಿ ತರಗತಿಗೆ ಹೋದರೆ ಮೇಷ್ಟ್ರು ಹೇಳಿದ ಪ್ರತಿ ಮಾತಿಗೂ ನಿನ್ನ ಹತ್ತಿರ ಆಲೂರಿನ ಒಂದು ಉದಾಹರಣೆ ಇರುತ್ತೆ. ಹಾಗೇ ಅಪ್ಪನಿಗೂ ಒಂದು ವಿಷಯ ತಿಳಿಸು. 2016ರ ರೇರಾ ಕಾಯ್ದೆಯಂತೆ 500 ಚದರ ಮೀಟರಿಗಿಂತ, ಅಂದರೆ ಹೆಚ್ಚುಕಡಿಮೆ ಐದು ಗುಂಟೆಗಿಂತ ದೊಡ್ಡ ಜಾಗದ ಬಡಾವಣೆ ನೋಂದಣಿ ಆಗಬೇಕು, ಅದರಲ್ಲಿ ವ್ಯಾಪಾರ ಕುದುರಿಸುವ ಏಜೆಂಟರೂ ನೋಂದಣಿ ಮಾಡಿಸಿಕೊಂಡಿರಬೇಕು. ಆ ಅರ್ಜಿ ಮಗಳೇ ತುಂಬಿಕೊಟ್ಟರೆ ಎಂಬಿಎ ಯಾಕೆ ಅನ್ನೋ ಪ್ರಶ್ನೆ ಅವರು ಮತ್ತೆ ಕೇಳಲಾರರು ಅಂತ ನನಗನ್ನಿಸುತ್ತೆ.

ಪ್ರಶ್ನೆ: ನಾನು ಕಳಸ ಕಡೆಯ ಕಾಫಿ ಬೆಳೆಗಾರ, ವಯಸ್ಸು 58. ಮಗ ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಆರು ತಿಂಗಳಾಯಿತು. ಅಮೆರಿಕದಲ್ಲಿ ಒಂದು ವರ್ಷದ ರಿಯಲ್ ಎಸ್ಟೇಟ್ ಮಾಸ್ಟರ್ಸ್ ಮಾಡಿ ಬಂದು ಇಲ್ಲೇ ರೆಸಾರ್ಟು, ವಿಲ್ಲಾ ಮಾಡ್ತೀನಿ ಅಂತಾನೆ. ನಾಲ್ಕು ಎಕರೆ ತೋಟ ಅಡ ಇಡಬೇಕಾಗುತ್ತೆ. ಇಡಲೇ?
— ಓದುಗ, ಕಳಸ

ಉತ್ತರ: ಅಣ್ಣಾ, ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ. ಸಾಲ 40 ಲಕ್ಷ, ಬಡ್ಡಿ 11 ಅಂತ ಇಟ್ಟುಕೊಳ್ಳಿ. ಓದುವ ಒಂದು ವರ್ಷ, ಆಮೇಲೆ ಕೆಲಸ ಹುಡುಕೋಕೆ ಬಿಡುವ ಒಂದು ವರ್ಷ ಕಂತಿರಲ್ಲ, ಆದರೆ ಬಡ್ಡಿ ಬೆಳೀತಾ ಇರುತ್ತೆ. ಸರಳ ಬಡ್ಡಿಯೇ ಆದರೂ 8 ಲಕ್ಷ 80 ಸಾವಿರ. ಕಂತು ಶುರುವಾದ ದಿನ 48 ಲಕ್ಷ 80 ಸಾವಿರದ ಸಾಲ, ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 67 ಸಾವಿರ. ನಿಮಗೆ ಕಾಫಿ ದುಡ್ಡು ಬರೋದು ವರ್ಷಕ್ಕೊಮ್ಮೆ, ಅದೂ ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದು, ಕುಯಿಲಿಗೆ ಆಳು ಸಿಕ್ಕರೆ. ಬ್ಯಾಂಕಿನ ಕಂತು ಪ್ರತಿ ತಿಂಗಳು. ಎರಡೂ ಕಡೆ ಒಟ್ಟು ಮೊತ್ತ ಸರಿಹೊಂದಿದರೂ ತಿಂಗಳು ಸರಿಹೊಂದದೆ ಸುಸ್ತಿದಾರರಾದ ಬೆಳೆಗಾರರನ್ನು ನಾನು ಎಷ್ಟೋ ಕಂಡಿದ್ದೀನಿ. ಮಗ ಓದು ಮುಗಿಸಿ ನೇರ ಊರಿಗೆ ಬಂದು ರೆಸಾರ್ಟು ಕಟ್ಟಲು ನಿಂತರೆ ಆ 67 ಸಾವಿರ ಕಟ್ಟೋರು ನೀವೇ.

ಅಡಮಾನದ ವಿಷಯದಲ್ಲಿ, ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆಯೇ ಅಡ ಇಟ್ಟ ಆಸ್ತಿ ವಶಕ್ಕೆ ತಗೊಳ್ಳೋ ಅಧಿಕಾರ ಬ್ಯಾಂಕಿಗೆ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಲ್ಲ ಅಂತ ಆ ಕಾಯ್ದೆಯ 31ನೇ ಕಲಂ ಹೇಳುತ್ತೆ. ಅದಕ್ಕೇ ಬ್ಯಾಂಕಿನವರು ಶಿಕ್ಷಣ ಸಾಲಕ್ಕೆ ಪಹಣಿ ಜಮೀನಿಗಿಂತ ಪೇಟೆಯ ಮನೆ, ಸೈಟು ಕೇಳೋದು ಹೆಚ್ಚು. ಹಾಗಿದ್ದರೂ ಕಾಫಿ ತೋಟದ ಮೇಲೆ ಈ ಕಾಯ್ದೆಯ ನೋಟಿಸು ಬಂದು ಬೆಳೆಗಾರರು ಹೋರಾಟಕ್ಕೆ ಇಳಿದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ತೋಟ ಅಡ ಇಡಲೇಬೇಕಾಗಿ ಬಂದರೂ ನಾಲ್ಕೂ ಎಕರೆ ಇಡಬೇಡಿ. ಮನೆ, ಕಣ, ನೀರಿನ ಮೂಲ ಇರುವ ಭಾಗವನ್ನು ಹೊರಗಿಟ್ಟು, ಪೋಡಿ ಮಾಡಿಸಿ, ಉಳಿದದ್ದರ ಮಾತಾಡಿ. ನಿಮ್ಮ ಮನೆಯವರನ್ನೂ ಕೂರಿಸಿಕೊಂಡು ಕಾಗದ ಓದಿಸಿ. ಸಹಿ ಹಾಕುವಾಗ ಮಾತ್ರ ಹೆಂಗಸರನ್ನು ಕರೆಯೋದು ನಮ್ಮ ಕಡೆಯ ಕೆಟ್ಟ ರೂಢಿ.

ಇನ್ನು ಓದಿನ ವಿಷಯ. ಆ ಓದು ಒಳ್ಳೆಯದೇ. ಮೆಸಾಚುಸೆಟ್ಸಿನ ಎಂಐಟಿಯಲ್ಲಿ 1983ರಲ್ಲಿ ರಿಯಲ್ ಎಸ್ಟೇಟಿಗೇ ಒಂದು ಕೇಂದ್ರ ಶುರುವಾಯಿತು. ನಿಮ್ಮ ಮಗ ಹೇಳುವಂಥ ಮಾಸ್ಟರ್ಸ್ ಪದವಿಗಳಿಗೆ ದಾರಿ ಮಾಡಿದ್ದೇ ಅದು. ಕೊಲಂಬಿಯಾದಲ್ಲಿ ಇದು ಆರ್ಕಿಟೆಕ್ಚರ್ ಶಾಲೆಯೊಳಗಿದೆ, ಇಂಗ್ಲೆಂಡಿನ ರೆಡಿಂಗಿನಲ್ಲಿ ಬಿಸಿನೆಸ್ ಸ್ಕೂಲಿನೊಳಗೆ. ಯಾರ ಮನೆಯಲ್ಲಿ ಬೆಳೆದಿದೆ ಅನ್ನೋದರ ಮೇಲೆ ಪಾಠದ ಒಲವೂ ಬದಲಾಗುತ್ತೆ, ಹೆಸರು ಒಂದೇ ಅಂತ ಎಲ್ಲಾ ಒಂದೇ ಅಲ್ಲ. ಆದರೆ ಒಂದು ಮಾತು ನಿಮ್ಮ ಮಗನಿಗೆ ಓದಿ ಹೇಳಿ. ಹಣಕಾಸಿನ ಲೆಕ್ಕ ಎಲ್ಲಿ ಕಲಿತರೂ ಕಳಸದಲ್ಲಿ ನಡೆಯುತ್ತೆ. ಅಭಿವೃದ್ಧಿಯ ಪಾಠ ಅರ್ಧ ನಡೆಯುತ್ತೆ. ಕಾನೂನು ಮಾತ್ರ ಆಯಾ ನೆಲದ್ದೇ, ಅದು ವಿಮಾನ ಹತ್ತಿ ಬರಲ್ಲ.

ಯಾಕೆ ಅಂತ ಹೇಳ್ತೀನಿ. ಅಮೆರಿಕದಲ್ಲಿ ಹಕ್ಕಿನಲ್ಲಿ ದೋಷ ಇದ್ದರೆ ನಷ್ಟ ತುಂಬಿಕೊಡೋಕೆ ಟೈಟಲ್ ಇನ್ಶೂರೆನ್ಸ್ ಮಾಡಿಸೋದು ವಾಡಿಕೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಿಂದ ಟೊರೆನ್ಸ್ ಪದ್ಧತಿ. ಸರ್ಕಾರಿ ದಫ್ತರದಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಅದಕ್ಕೆ ಸರ್ಕಾರದ ಜಾಮೀನು. ನಮ್ಮಲ್ಲಿ ಹಾಗಿಲ್ಲ. ಕ್ರಯಪತ್ರ ನೋಂದಣಿ ಆದರೂ ಪಹಣಿಯಲ್ಲಿ ಹೆಸರು ಕೂತರೂ ಅದು ಹಕ್ಕಿನ ಸೂಚನೆಯೇ ಹೊರತು ಕೊನೇ ಮಾತಲ್ಲ. ಕೋರ್ಟಿನಲ್ಲಿ ಮೂಲ ಹುಡುಕಿ ಬೇರೆಯವರು ಬರಬಹುದು. ಬರೀ ಜಿಪಿಎ, ಅಂದರೆ ಅಧಿಕಾರ ಪತ್ರದ ಮೇಲೆ ಮಾಡಿದ ಮಾರಾಟದಿಂದ ಒಡೆತನ ಬರಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೂ ನಮ್ಮ ಕಡೆ ಇನ್ನೂ ಜಿಪಿಎ ಹಿಡಿದುಕೊಂಡು ಬರ್ತಾರೆ. ಅದರ ಮೇಲೆ ನಿಮ್ಮ ಮಲೆನಾಡಿನ ಕಗ್ಗಂಟುಗಳು ಬೇರೆ: ಪ್ಲಾಂಟೇಷನ್ ಅಂತ ಭೂಮಿತಿಯಿಂದ ವಿನಾಯಿತಿ ಪಡೆದ ತೋಟವನ್ನು ಬೇರೆ ಉಪಯೋಗಕ್ಕೆ ತಿರುಗಿಸುವ ತೊಡಕು, ದಾಖಲೆಯಲ್ಲಿ ಅರಣ್ಯ ಅಲ್ಲದಿದ್ದರೂ ಅರಣ್ಯ ಅಂತಲೇ ಪರಿಗಣಿಸುವ ಡೀಮ್ಡ್ ಅರಣ್ಯ, ಮೀಸಲು ಅರಣ್ಯ ಮಾಡುವ ಉದ್ದೇಶ ಸಾರುವ ಸೆಕ್ಷನ್ 4ರ ಅಧಿಸೂಚನೆಯೊಳಗೆ ಸಿಕ್ಕ ಸರ್ವೆ ನಂಬರುಗಳು, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಭದ್ರಾ ಅಭಯಾರಣ್ಯದ ಅಂಚು. ಇವುಗಳಲ್ಲಿ ಒಂದನ್ನೂ ಬಾಸ್ಟನ್ನಿನ ಮೇಷ್ಟ್ರು ಹೇಳಿಕೊಡಲಾರರು, ಅದು ಅವರ ತಪ್ಪೂ ಅಲ್ಲ. ಹಾಗೇ ಇಳಿಜಾರು ಕೊರೆದು ವಿಲ್ಲಾ ಕಟ್ಟಿದರೆ ಆ ಗುಡ್ಡ ಮಳೆಗಾಲದಲ್ಲಿ ನಿಲ್ಲುತ್ತಾ ಅಂತ ಸಿವಿಲ್ ಓದಿದ ಮಗನನ್ನೇ ಕೇಳಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದದ್ದನ್ನು ನೀವು ಕಂಡವರು. ಆ ಉತ್ತರ ಅವನ ಯೋಜನಾ ವರದಿಯ ಮೊದಲ ಪುಟದಲ್ಲಿರಬೇಕು.

ನನ್ನ ಅಭಿಪ್ರಾಯ ಇಷ್ಟು: ಈ ವರ್ಷ ಅಡ ಇಡಬೇಡಿ. ಆರು ತಿಂಗಳ ಹಿಂದೆ ಕಾಲೇಜು ಬಿಟ್ಟ ಹುಡುಗ ಎರಡು ಮೂರು ವರ್ಷ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕಟ್ಟುವ ಕಂಪನಿಯೊಂದರಲ್ಲಿ ದುಡಿಯಲಿ. ಇಂಥ ಪದವಿಗಳಲ್ಲಿ ಒಳ್ಳೆಯವು ಅನುಭವ ಇದ್ದವರನ್ನೇ ಬಯಸುತ್ತವೆ, ಅನುಭವ ಇದ್ದವನಿಗೆ ಪಾಠ ಹತ್ತೋದೂ ಹೆಚ್ಚು. ಆಗಲೂ ಆಸೆ ಹಾಗೇ ಇದ್ದರೆ, ಅವನ ಉಳಿತಾಯ ಒಂದಿಷ್ಟು ಸೇರಿಸಿ, ಸಣ್ಣ ಸಾಲದಲ್ಲಿ ಕಳಿಸಿ. ಅವನ ಉತ್ಸಾಹ ಮಾತ್ರ ಕುಂದಿಸಬೇಡಿ ಅಣ್ಣಾ. ಊರಿಗೆ ವಾಪಸು ಬರ್ತೀನಿ ಅನ್ನೋ ಮಕ್ಕಳು ಕಳಸದಲ್ಲಿ ಎಷ್ಟಿದ್ದಾರೆ?

ಪ್ರಶ್ನೆ: ನಾನು ಬಿ.ಎ. ಓದಿದವಳು, ಇತಿಹಾಸ ಮತ್ತು ಕನ್ನಡ. ನನಗೆ ಈ ಎಂಬಿಎ ಸಿಗುತ್ತಾ?
— ಓದುಗಿ, ಬೇಲೂರು

ಉತ್ತರ: ಸಿಗುತ್ತೆ. ಎಂಬಿಎಗೆ ಯಾವ ಪದವಿಯಾದರೂ ಆಗುತ್ತೆ. ಪಿಜಿಸಿಇಟಿಗೆ ಪದವಿಯಲ್ಲಿ ನೂರಕ್ಕೆ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ರವರಿಗೆ 45 ಅಂಕ ಇರಬೇಕು. ಲೆಕ್ಕಪತ್ರ, ಶೇಕಡಾ ಲೆಕ್ಕ, ಚಕ್ರಬಡ್ಡಿ ಈಗಿನಿಂದಲೇ ಅಭ್ಯಾಸ ಮಾಡಮ್ಮ, ಅಲ್ಲಿ ಹೋಗಿ ಹೆದರೋದು ಬೇಡ. ನಿನ್ನ ಕನ್ನಡ ದೊಡ್ಡ ಆಸ್ತಿ. ಹಳೇ ಕ್ರಯಪತ್ರ, ಪಾಲುಪಟ್ಟಿ, ಸಾಗುವಳಿ ಚೀಟಿಗಳ ಕೈಬರಹ ಓದಿ ಅರ್ಥ ಹೇಳುವವರು ಸಿಗದೆ ಬೆಂಗಳೂರಿನ ಕಂಪನಿಗಳು ಪರದಾಡುತ್ತವೆ.

ಪ್ರಶ್ನೆ: ನಿವೃತ್ತ ಶಿಕ್ಷಕ. ಪಿಂಚಣಿಯ ಜೊತೆ ಒಂದಿಷ್ಟು ಬಾಡಿಗೆ ಥರದ ಆದಾಯ ಬೇಕು. ಸೈಟು ಕೊಳ್ಳೋ ಬದಲು 'ರೀಟ್' ಕೊಳ್ಳಿ ಅಂತ ಮೊಮ್ಮಗ ಹೇಳ್ತಾನೆ. ಅದೇನು?
— ಓದುಗ, ಹಾಸನ

ಉತ್ತರ: ಮೇಷ್ಟ್ರೇ, ದೊಡ್ಡ ದೊಡ್ಡ ಕಚೇರಿ ಕಟ್ಟಡಗಳನ್ನು ಒಂದು ಟ್ರಸ್ಟಿನ ಹೆಸರಿಗೆ ತಂದು, ಅದರ ಪಾಲನ್ನು ಷೇರಿನ ಹಾಗೆ ಮಾರೋದು ರೀಟ್. ಷೇರುಪೇಟೆಯ ನಿಯಂತ್ರಕ ಸೆಬಿ 2014ರಲ್ಲಿ ನಿಯಮ ಮಾಡಿತು; ದೇಶದ ಮೊದಲ ರೀಟ್, ಬೆಂಗಳೂರಿನ ಎಂಬಸಿ ಆಫೀಸ್ ಪಾರ್ಕ್ಸ್, 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು. ಆಸ್ತಿಯಲ್ಲಿ ನೂರಕ್ಕೆ 80 ಭಾಗ ಕಟ್ಟಿ ಮುಗಿದು ಬಾಡಿಗೆ ಬರುವಂಥದ್ದಾಗಿರಬೇಕು, ಹಂಚಲು ಉಳಿದ ಹಣದಲ್ಲಿ 90 ಭಾಗ ಪಾಲುದಾರರಿಗೆ ಕೊಡಲೇಬೇಕು. ಈಗ ಒಂದು ಯೂನಿಟ್ ಕೂಡ ಕೊಳ್ಳಬಹುದು. ಸೈಟಿನ ಹಾಗೆ ಕಲ್ಲು ಕೀಳುವವರ, ಪಕ್ಕದವರು ಒತ್ತುವರಿ ಮಾಡುವ ಭಯ ಇಲ್ಲ. ಆದರೆ ಪೇಟೆಯಲ್ಲಿ ಅದರ ಬೆಲೆ ದಿನಾ ಏರುತ್ತೆ, ಇಳಿಯುತ್ತೆ. ಕಂಪನಿಗಳು ಕಚೇರಿ ಖಾಲಿ ಮಾಡಿದರೆ ಬಾಡಿಗೆಯೂ ಇಳಿಯುತ್ತೆ. ಬ್ಯಾಂಕಿನ ಠೇವಣಿಯ ಭದ್ರತೆ ಅದಕ್ಕಿಲ್ಲ. ಔಷಧಿ, ಮನೆ ಖರ್ಚಿನ ದುಡ್ಡು ಠೇವಣಿಯಲ್ಲೇ ಇರಲಿ. ಐದು ವರ್ಷ ಮುಟ್ಟದೆ ಇರಬಲ್ಲ ಸಣ್ಣ ಮೊತ್ತ ಇದ್ದರೆ ಮೊಮ್ಮಗನ ಮಾತು ಕೇಳಬಹುದು.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಾಲ್ಕು ವರ್ಷದಿಂದ ವಕೀಲಿ. ಹೆಚ್ಚಾಗಿ ವಿಭಾಗದ ದಾವೆ, ಇಂಜಂಕ್ಷನ್. ರಿಯಲ್ ಎಸ್ಟೇಟ್ ಕಡೆ ಗಟ್ಟಿಯಾಗಬೇಕು. ಎಲ್‌ಎಲ್‌ಎಂ ಮಾಡಲೇ, ಎಂಬಿಎ ಮಾಡಲೇ?
— ಯುವ ವಕೀಲ, ಚಿಕ್ಕಮಗಳೂರು

ಉತ್ತರ: ಕಾನೂನು ನಿಮಗೆ ಕೋರ್ಟೇ ಕಲಿಸುತ್ತಿದೆ. ನಿಮ್ಮಲ್ಲಿ ಕೊರತೆ ಇರಬಹುದಾದದ್ದು ಹಣದ ಲೆಕ್ಕ, ಹಾಗಾಗಿ ಎಂಬಿಎ ಕಡೆಗೇ ನನ್ನ ಒಲವು. ವಕೀಲಿ ಬಿಡಲಾಗದಿದ್ದರೆ ವಾರಾಂತ್ಯದ ಹಣಕಾಸಿನ ತರಗತಿಯಾದರೂ ಸಾಕು. ರೇರಾದಲ್ಲಿ ಬಿಲ್ಡರು ಖರೀದಿದಾರರಿಂದ ಪಡೆದ ದುಡ್ಡಿನಲ್ಲಿ ನೂರಕ್ಕೆ 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಕೆಲಸ ಆದಷ್ಟಕ್ಕೆ ಮಾತ್ರ ಇಂಜಿನಿಯರ್, ಆರ್ಕಿಟೆಕ್ಟ್, ಸಿಎ ಪ್ರಮಾಣಪತ್ರದ ಮೇಲೆ ತೆಗೆಯಬೇಕು. ಕರಾರುಪತ್ರ ನೋಂದಣಿ ಆಗುವ ಮೊದಲು ಹತ್ತನೇ ಒಂದಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಈ ಕಲಂಗಳು ನಿಮಗೆ ಬಾಯಿಪಾಠ ಇರಬಹುದು. ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಆ 70 ಎಲ್ಲಿ ಸೋರಿತು ಅಂತ ತೋರಿಸಬಲ್ಲಿರಾ? ತೋರಿಸಬಲ್ಲ ವಕೀಲರನ್ನು ಖರೀದಿದಾರರು ಹುಡುಕಿಕೊಂಡು ಬರ್ತಾರೆ. ಹಾಗೇ ಹಳೇ ನೋಟ್ಸ್ ನಂಬಿ ಕೂರಬೇಡಿ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳೋದಕ್ಕೆ ತಡೆ ಹಾಕಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋದರೂ ಅವನ್ನು ಹಾಗೇ ಹೇಳುವ ಪುಸ್ತಕಗಳು ಇನ್ನೂ ಓಡಾಡುತ್ತಿವೆ.

ಈಗ ನಿಮ್ಮ ಮೇಜಿನ ಮೇಲಿರುವ ವಿಭಾಗದ ದಾವೆಗಳಿಂದಲೇ ಶುರು ಮಾಡಿ. ಆಸ್ತಿ ಷೆಡ್ಯೂಲಿನಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ಮಾತ್ರ ಇರುತ್ತೆ ಅಲ್ಲವೇ? ಪಕ್ಕದಲ್ಲಿ ಪೆನ್ಸಿಲಿನಿಂದ ಆ ತೋಟದ ಇವತ್ತಿನ ಬೆಲೆ, ವರ್ಷದ ಆದಾಯ, ಅದರ ಮೇಲಿರುವ ಸಾಲ ಬರೆಯಿರಿ, ಕೇಸು ಮುಗಿಯಲು ಹಿಡಿಯುವ ವರ್ಷಗಳನ್ನೂ ಬರೆಯಿರಿ. ಆಮೇಲೆ ಆ ಅಣ್ಣತಮ್ಮ, ಅಕ್ಕತಂಗಿಯರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಆ ಹಾಳೆಯನ್ನು ಅವರ ಮುಂದಿಡಿ.